ಬೇಡ ಎನ್ನುವ ಗುಂಡಿ

ಒಲೆಯ ಮೇಲೆ ಚಹಾ ಉಕ್ಕುವುದಕ್ಕೂ ಮೊಬೈಲು ಟಿಣ್ ಎನ್ನುವುದಕ್ಕೂ ಸರಿಹೋಯಿತು. ಮೊದಲು ಯಾವುದನ್ನು ನೋಡಬೇಕೆಂದು ವಾಸುದೇವನಿಗೆ ಹೊಳೆಯಲಿಲ್ಲ. ಮೊಬೈಲನ್ನೇ ನೋಡಿದ. ಚಹಾ ಒಲೆಯ ಪಾಲಾಯಿತು.

‘ಪ್ರಿಯ ವಾಸುದೇವ ಅವರೇ, ನಿಮ್ಮ ಪುಕ್ಕಟೆ ಓದಿನ ಅವಧಿ ಇವತ್ತಿಗೆ ಮುಗಿಯುತ್ತದೆ. ಮುಂದೆಯೂ ಪುಟಸಂಚಿ ನಿಮಗೆ ಬೇಕೇ?’

ಕೆಳಗೆ ಎರಡು ಗುಂಡಿಗಳಿದ್ದವು. ಹಸಿರು ಬಣ್ಣದ್ದು, ಮದುವೆ ಮನೆಯ ಬಾಳೆಲೆಯಷ್ಟು ಅಗಲವಾಗಿ, ‘ಬೇಕು’. ಬೂದು ಬಣ್ಣದ್ದು, ಕಂಡೂ ಕಾಣದ ಹಾಗೆ ಮೂಲೆಯಲ್ಲಿ, ‘ನನಗೆ ಬೇಡ’.

ಪುಟಸಂಚಿ ಎಂದರೆ ಮೊಬೈಲಿನಲ್ಲಿ ಕನ್ನಡ ಪುಸ್ತಕ ಓದಿಸುವ ಒಂದು ಕಂಪನಿ. ತಿಂಗಳಿಗೆ ಇಷ್ಟೆಂದು ಕಟ್ಟಿದರೆ ಅವರ ಸಂಚಿಯಲ್ಲಿರುವ ಪುಸ್ತಕಗಳನ್ನೆಲ್ಲ ಓದಬಹುದು. ಮೊದಲ ತಿಂಗಳು ಪುಕ್ಕಟೆ. ಆಮೇಲೆ ದುಡ್ಡು ಕಟ್ಟುವುದೋ ಬಿಡುವುದೋ ಎಂದು ತೀರ್ಮಾನಿಸುವುದು ಎಷ್ಟರ ಮಾತು? ಬುದ್ಧಿ ನೆಟ್ಟಗಿರುವ ಯಾರಾದರೂ ಚಹಾ ಸೋಸುವಷ್ಟರಲ್ಲಿ ಮುಗಿಸಿಬಿಡುತ್ತಾರೆ. ವಾಸುದೇವ ಮಾತ್ರ ಚಳಿಗಾಲದಿಂದ ಹಿಡಿದು ಈ ಜೂನ್ ಒಂದನೇ ತಾರೀಖಿನವರೆಗೆ ಅದನ್ನೇ ಜಗಿಯುತ್ತ ಕೂತಿದ್ದ. ಅದಕ್ಕೆ ಕಾರಣ ಪುಸ್ತಕಗಳಲ್ಲ. ಕಾರಣ ಆ ಬೂದು ಗುಂಡಿ.

ಗುಂಡಿಯ ಕತೆಗೆ ಮೊದಲು ಅವನ ಕೆಲಸದ ಕತೆ ಹೇಳಬೇಕು. ಹೈದರಾಬಾದಿನ ಕೊಂಡಾಪುರದಲ್ಲಿ ಮೈತುಂಬ ಗಾಜು ಹೊದ್ದ ಒಂದು ಸಾಫ್ಟ್‌ವೇರ್ ಕಂಪನಿ. ಒಳಗಿದ್ದವರಲ್ಲಿ ಹೆಚ್ಚಿನವರು ಉತ್ತರ ಕರ್ನಾಟಕದ ಕಡೆಯವರೇ; ಎಲ್ಲರೂ ಕಂಡರಿಯದ ದೇಶಗಳ ಬ್ಯಾಂಕು, ವಿಮಾನ, ಆಸ್ಪತ್ರೆಗಳನ್ನು ಕೂತಲ್ಲಿಂದಲೇ ನಡೆಸುತ್ತಿದ್ದರು. ಅವರು ಕೂತ ಕುರ್ಚಿಗಳನ್ನು ವಾಸುದೇವ ನೋಡಿಕೊಳ್ಳುತ್ತಿದ್ದ. ಕುರ್ಚಿ, ಲಿಫ್ಟು, ನಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ಎಸಿ. ಬೀದರ ಕಡೆಯವನು, ವಯಸ್ಸು ನಲವತ್ತು ದಾಟಿತ್ತು, ಮದುವೆ ಇವತ್ತು ನಾಳೆ ಎನ್ನುತ್ತ ಆಗದೇ ಉಳಿದಿತ್ತು.

ದಿನವೆಲ್ಲ ಅವನ ಫೋನಿಗೆ ಬಿಡುವಿಲ್ಲ. “ಸರ್, ಮೂರನೇ ಮಹಡಿ ಭಾಳ ಥಂಡಿ ಐತ್ರಿ.” “ಸರ್, ಐದನೇ ಮಹಡಿ ಕುದಿಯಾಕತ್ತೈತ್ರಿ.” ಒಂದೇ ಯಂತ್ರದ ಗಾಳಿ, ಅಲ್ಲಿ ಶಾಲು, ಇಲ್ಲಿ ಬೀಸಣಿಗೆ. ಆ ಕಟ್ಟಡದಲ್ಲಿ ಅವನ ಹೆಸರು ಗೊತ್ತಿಲ್ಲದವರು ಇರಲಿಲ್ಲ. ಆದರೆ ನಿಮಗೆ ಥಂಡಿಯೋ ಸೆಕೆಯೋ ಎಂದು ಅವನನ್ನು ಕೇಳಿದವರೂ ಇರಲಿಲ್ಲ. ಸಂಜೆ ಬಾಡಿಗೆ ಮನೆಯ ಬೀಗ ತೆಗೆದರೆ, ಬೆಳಿಗ್ಗೆ ಮಂಚದ ಮೇಲೆ ಎಸೆದುಹೋದ ಟವೆಲ್ಲು ಎಸೆದ ಹಾಗೆಯೇ ಬಿದ್ದಿರುತ್ತಿತ್ತು. ಯಾರಾದರೂ ಬಂದು ಆ ಟವೆಲ್ಲನ್ನು ಎತ್ತಿಟ್ಟು ಬೈದಿದ್ದರೂ ಅವನು ಸುಖಪಡುತ್ತಿದ್ದ.

ಪುಕ್ಕಟೆ ತಿಂಗಳು ಮುಗಿದ ದಿನ ವಾಸುದೇವ ಶಾಣ್ಯಾನಂತೆ ‘ನನಗೆ ಬೇಡ’ ಒತ್ತಿದ್ದ. ಹಾಗೆ ಒತ್ತಿ ಚಪಾತಿ ಮುರಿಯುವಷ್ಟರಲ್ಲಿ ಫೋನು ಬಂತು.

“ವಾಸುದೇವ ಸರ್ ಏನ್ರಿ? ನಾನು ಪುಟಸಂಚಿಯಿಂದ ತಾರಾ ಮಾತಾಡಾಕತ್ತೀನ್ರಿ. ನಮ್ಮನ್ನ ಯಾಕ ಬಿಡಾಕತ್ತೀರಿ ಸರ್? ಊಟಕ್ಕ ಕುಂತೀರೇನು? ಹಂಗಿದ್ರ ಉಣ್ರಿ, ಆಮ್ಯಾಲ ಮಾಡ್ತೀನಿ.”

ಊಟದ ಬಗ್ಗೆ ಅವನನ್ನು ಯಾರಾದರೂ ವಿಚಾರಿಸಿ ಎಷ್ಟು ಕಾಲವಾಗಿತ್ತೋ. ಮುರಿದ ಚಪಾತಿ ತಟ್ಟೆಗೆ ಬಿಟ್ಟು ನೀರು ಕುಡಿದ. “ಅಕ್ಷರ ಸಣ್ಣೂ ಅದಾವ್ರಿ” ಎಂದು ಬಾಯಿಗೆ ಬಂದದ್ದು ಹೇಳಿದ. ತಾರಾ ಅಕ್ಷರ ದೊಡ್ಡದು ಮಾಡುವುದನ್ನು ಮಗುವಿಗೆ ಹೇಳಿಕೊಟ್ಟ ಹಾಗೆ ಹೇಳಿಕೊಟ್ಟಳು. ಇನ್ನಷ್ಟು ದಿನ ಪುಕ್ಕಟೆ ಓದಿ ನೋಡಿ ಎಂದು ಅವಧಿ ಮುಂದೂಡಿದಳು. ಫೋನು ಇಡುವ ಮೊದಲು, ಏನು ಓದುತ್ತಿದ್ದೀರಿ ಎಂದು ಕೇಳಿದಳು. ಅವನು ಓದುತ್ತಿದ್ದದ್ದು ಒಂದು ಹಳೆಯ ಪತ್ತೇದಾರಿ ಕಾದಂಬರಿ. ಬಂಗಾರದಂಗಡಿಯ ಸಾಹುಕಾರನೊಬ್ಬನ ಕೊಲೆ.

“ಹೌದಾ! ಯಾರು ಕೊಂದಾರ್ರಿ?”

“ಇನ್ನೂ ಗೊತ್ತಾಗಿಲ್ರಿ.”

“ಗೊತ್ತಾದ ಕೂಡಲೇ ನನಗ ಹೇಳಬೇಕ್ ನೋಡ್ರಿ ಮತ್ತ.”

ಅಂದು ವಾಸುದೇವನಿಗೊಂದು ಜ್ಞಾನೋದಯವಾಯಿತು. ಬೇಕು ಎಂದವರಿಗೆ ಕಂಪನಿ ಬರೀ ‘ಧನ್ಯವಾದ’ ಎಂದು ಸಂದೇಶ ಕಳಿಸುತ್ತದೆ. ಫೋನು ಮಾಡುವುದು ಬೇಡ ಎಂದವರಿಗೆ ಮಾತ್ರ.

ಅಲ್ಲಿಂದ ಮುಂದೆ ಅವಧಿ ಮುಗಿದಾಗಲೆಲ್ಲ ಅವನು ತಲೆ ಬಾಚಿಕೊಂಡು, ಕುರ್ಚಿ ಎಳೆದುಕೊಂಡು ಕೂತು ‘ನನಗೆ ಬೇಡ’ ಒತ್ತುತ್ತಿದ್ದ. ತಾರಾ ಫೋನು ಮಾಡುತ್ತಿದ್ದಳು. ಒಮ್ಮೆ ಕುತ್ತಿಗೆ ನೋವು ಎಂದ. ಒಮ್ಮೆ ಕಾಗದದ ವಾಸನೆಯೇ ಇಲ್ಲ ಎಂದ. “ಹಂಗಿದ್ರ ಮೊಬೈಲ್ ಬಾಜೂಕ ಒಂದು ಹಳೀ ಪುಸ್ತಕ ತೆರದಿಟ್ಕೊಂಡು ಓದ್ರಿ ಸರ್” ಎಂದು ಅವಳು ನಕ್ಕಳು. ಹಳೆಯ ಪುಸ್ತಕ ಎಂದದ್ದೇ ತಡ, ವಾಸುದೇವ ಕೋಠಿಯ ಪುಸ್ತಕದಂಗಡಿಗಳನ್ನು ವರ್ಣಿಸಿದ. ತಾರಾ ತಾನೂ ಹೈದರಾಬಾದಿನಲ್ಲೇ ಇದ್ದೇನೆ, ಆದರೆ ಕೋಠಿ ನೋಡಿಯೇ ಇಲ್ಲ ಎಂದಳು.

ಇನ್ನೊಮ್ಮೆ ಅವಳು ತನ್ನ ಮುಂದಿದ್ದ ಮಾಹಿತಿ ನೋಡುತ್ತ, “ಸರ್, ನಿಮ್ಮ ಹುಟ್ಟಿದ ದಿವ್ಸ ಜೂನ್ ಒಂದು ಅಂತ ಐತಿ. ಇದು ಮಾಸ್ತರು ಬರದಿದ್ದು ಹೌದಲ್ರಿ?” ಎಂದಳು.

ವಾಸುದೇವ ಬೆರಗಾದ. ಅವರ ಕಡೆ ಮಕ್ಕಳನ್ನು ಶಾಲೆಗೆ ಹಾಕುವಾಗ ಹುಟ್ಟಿದ ದಿನ ಯಾರಿಗೂ ನೆನಪಿರುತ್ತಿರಲಿಲ್ಲ. ಮಾಸ್ತರು ಹುಡುಗನ ಎತ್ತರ ನೋಡಿ ಒಂದು ವರ್ಷ ಅಂದಾಜು ಮಾಡಿ, ಎಲ್ಲರಿಗೂ ಜೂನ್ ಒಂದು ಎಂದು ಬರೆದು ಕೈತೊಳೆದುಕೊಳ್ಳುತ್ತಿದ್ದರು. ಇದನ್ನು ಈ ಊರಿನಲ್ಲಿ ಯಾರೂ ಅವನನ್ನು ಕೇಳಿರಲಿಲ್ಲ.

“ಹೌದ್ರಿ. ನಮ್ಮವ್ವ, ಜ್ವಾಳದ ರಾಶಿ ಮಾಡೋ ಮುಂದ ಹುಟ್ಟೀದಿ ಅಂತಿದ್ಳು.”

“ನಂದೂ ಹಂಗ ರೀ. ನಮ್ಮ ಮನಿಯಾಗ ನಾವು ಮೂರೂ ಮಂದಿ ಅಕ್ಕತಂಗೇರು ಜೂನ್ ಒಂದ!”

ಇಬ್ಬರೂ ಬಹಳ ಹೊತ್ತು ನಕ್ಕರು. ಫೋನು ಇಟ್ಟ ಮೇಲೂ ವಾಸುದೇವ ನಗುತ್ತಿದ್ದ. ಆ ದಿನ ಟವೆಲ್ಲು ಕಣ್ಣಿಗೆ ಬೀಳಲಿಲ್ಲ.

ಆದರೆ ಹೋದ ಸಲ ತಾರಾಳ ದನಿ ಇಳಿದಿತ್ತು. “ಸರ್, ಇನ್ನ ಪುಕ್ಕಟೆ ಕೊಡಾಕ ಸಿಸ್ಟಮ್ ಒಪ್ಪಂಗಿಲ್ಲ. ಒಂದನೇ ತಾರೀಖ ಸಂಜಿಕ್ಕ ಆರಕ್ಕ ನಾನ ಫೋನ್ ಮಾಡ್ತೀನಿ. ಬೇಕೋ ಬ್ಯಾಡೋ, ಅವತ್ತ ಹೇಳಿಬಿಡ್ರಿ.”

ಇದೇ ವಾಸುದೇವನ ಸಂಕಟ. ಬೇಕು ಎಂದರೆ ಗಿರಾಕಿಯಾಗುತ್ತಾನೆ, ಗಿರಾಕಿಗೆ ತಾರಾ ಫೋನು ಮಾಡುವುದಿಲ್ಲ. ಬೇಡ ಎಂದರೆ ಯಾರೂ ಅಲ್ಲದವನಾಗುತ್ತಾನೆ, ಯಾರೂ ಅಲ್ಲದವನಿಗೂ ಫೋನು ಮಾಡುವುದಿಲ್ಲ. ಹಾಗಾಗಿ ಇವತ್ತಿನ ಆರು ಗಂಟೆಯ ಫೋನೇ ಕೊನೆಯದು. ಅದರಲ್ಲೇ ಒಂದು ಮಾತು ಕೇಳಿಬಿಡಬೇಕೆಂದು ಅವನು ವಾರದಿಂದ ಗಟ್ಟಿ ಮಾಡಿಕೊಂಡಿದ್ದ. ನಾಡಿದ್ದು ರವಿವಾರ. ಕನ್ನಡಿಯ ಮುಂದೆ ನಿಂತು, ಗಡ್ಡಕ್ಕೆ ಸಾಬೂನು ಹಚ್ಚಿಕೊಂಡು, ಆ ಮಾತನ್ನು ಇನ್ನೊಮ್ಮೆ ಒಪ್ಪಿಸಿದ. “ತಾರಾ ಅವರ, ರವಿವಾರ ಕೋಠಿಗಿ ಬರ್ತೀರೇನ್ರಿ? ಹಳೀ ಪುಸ್ತಕ ತೋರಸ್ತೀನಿ.”

ಮೆಟ್ಟಿಲಿಳಿಯುವಾಗಲೂ ಅದನ್ನೇ ಬಾಯಿಪಾಠ ಮಾಡುತ್ತಿದ್ದ. ಕೆಳಗಿನ ಅಂಗಳದಲ್ಲಿ ಮನೆಯೊಡತಿ ಸುಂದರಾಬಾಯಿ ಹಪ್ಪಳ ಒಣಹಾಕುತ್ತಿದ್ದರು. ಸರಕಾರಿ ಕಚೇರಿಯಲ್ಲಿ ಮೂವತ್ತು ವರ್ಷ ಇತರರ ಅರ್ಜಿಗಳಲ್ಲಿ ತಪ್ಪು ಹುಡುಕಿ ನಿವೃತ್ತರಾದವರು. ಈಗ ಅರ್ಜಿಗಳಿಲ್ಲದ್ದರಿಂದ ನೆರೆಹೊರೆಯವರಲ್ಲಿ ಹುಡುಕುತ್ತಿದ್ದರು.

“ಏನೋ ವಾಸುದೇವಾ, ಒಬ್ಬಾವನ ಯಾರ ಜೋಡಿ ಮಾತಾಡ್ಲಿಕತ್ತೀಯೋ?”

ವಾಸುದೇವ ಬೆಚ್ಚಿದ. ನಿಜ ಹೇಳುವುದು ಸಾಧ್ಯವೇ? “ಏನಿಲ್ರಿ ಕಾಕು. ಮೊಬೈಲಿನಾಗ ಪುಸ್ತಕ ಓದೋದು ಒಂದೈತಿ. ದುಡ್ಡು ಕಟ್ಟಬೇಕೋ ಬಿಡಬೇಕೋ ಅಂತ ವಿಚಾರ ಮಾಡಾಕತ್ತಿದ್ದೆ.”

ಆ ಒಂದು ವಾಕ್ಯ ಆಡಬಾರದಿತ್ತು. ಸುಂದರಾಬಾಯಿ ಸೆರಗಿಗೆ ಕೈ ಒರೆಸಿಕೊಂಡು ನೆಟ್ಟಗೆ ನಿಂತರು.

“ಓದೀದ ಮ್ಯಾಲೆ ಆ ಪುಸ್ತಕ ಎಲ್ಲಿ ಇಡ್ತೀ?”

“ಇಡೋದಿಲ್ರಿ ಕಾಕು, ಅದು ಮೊಬೈಲಿನಾಗ...”

“ರದ್ದಿಗೆ ಹಾಕ್ಲಿಕ್ಕೆ ಬರ್ತದೇನು?”

“ಇಲ್ರಿ.”

“ಪಲಂಗದ ಕಾಲು ಮುರದ್ರ ಕೆಳಗ ಕೊಡ್ಲಿಕ್ಕೆ?”

“ಇಲ್ರಿ.”

“ಗಾಳಿಗೆ ಹಪ್ಪಳ ಹಾರಧಂಗ ಮ್ಯಾಲೆ ಇಡ್ಲಿಕ್ಕೆ?”

“ಇಲ್ರಿ ಕಾಕು.”

“ಮತ್ತ ಅದು ಎಂಥಾ ಪುಸ್ತಕೋ ತಮ್ಮಾ! ನಮ್ಮನಿಯವ್ರು ಹೋಗೋ ಮುಂದ ಒಂದು ಕಪಾಟು ಕಾಯ್ದೆ ಪುಸ್ತಕ ಬಿಟ್ಟುಹೋಗ್ಯಾರ. ಒಂದಕ್ಷರಾ ಓದಿಲ್ಲ ನಾನು. ಆದ್ರ ದಿನಾ ಉಪಯೋಗಕ್ಕ ಬರ್ತಾವ ನೋಡು.” ಹೌದು, ಹಪ್ಪಳ ಹಾಸಿದ ಚಾದರದ ನಾಲ್ಕೂ ಮೂಲೆಯಲ್ಲಿ ಭಾರತದ ಕಾನೂನು ಕೂತಿತ್ತು. “ನೀ ಒಬ್ಬಾವನ ವಿಚಾರ ಮಾಡಬ್ಯಾಡ. ನಮ್ಮ ವಿಶ್ವಜಿತಗ ಈಗ ಫೋನ್ ಮಾಡ್ತೀನಿ. ಅವಗ ಮೊಬೈಲಿಂದೆಲ್ಲಾ ತಿಳೀತದ.”

ವಿಶ್ವಜಿತ್ ಸುಂದರಾಬಾಯಿಯ ಅಣ್ಣನ ಮಗ. ವಾಸುದೇವನ ಕಂಪನಿಯಲ್ಲೇ ಐದನೇ ಮಹಡಿಯಲ್ಲಿ ಕೂರುತ್ತಿದ್ದ. ಕೆಟ್ಟ ಹುಡುಗನೇನಲ್ಲ. ಆದರೆ ಉಪಕಾರ ಮಾಡುವ ಚಟವಿತ್ತು, ಅದು ಕುಡಿತಕ್ಕಿಂತ ಬಿಡಿಸುವುದು ಕಷ್ಟ.

ವಾಸುದೇವ ಆಟೋ ಇಳಿದು ಕಚೇರಿ ಮುಟ್ಟುವಷ್ಟರಲ್ಲಿ ಅವನು ಲಿಫ್ಟಿನ ಬಾಗಿಲಲ್ಲೇ ಕಾಯುತ್ತಿದ್ದ. “ಸರ್, ಅತ್ತಿ ಎಲ್ಲಾ ಹೇಳಿದ್ಳು. ಇದಕ್ಕ ಯಾರರ ದುಡ್ಡು ಕೊಡ್ತಾರೇನ್ರಿ? ಹೊಸಾ ಈಮೇಲ್ ಮಾಡ್ರಿ, ಹೊಸಾ ಹೆಸರು ಹಾಕ್ರಿ, ಮತ್ತೊಂದು ತಿಂಗಳು ಫುಕಟ್. ಅದು ಮುಗೀತೋ, ಮತ್ತೊಂದು ಹೆಸರು. ನಾ ಹಾಡು ಕೇಳೋದು ಹಂಗ. ಹೋದ ತಿಂಗಳು ನನ್ನ ಹೆಸರು ಸಾವಿತ್ರಿಬಾಯಿ ಇತ್ತು.”

ಒಂದು ಕ್ಷಣ ವಾಸುದೇವನ ಕಣ್ಣರಳಿತು. ಹೊಸ ಹೆಸರಿಟ್ಟುಕೊಂಡು ಮತ್ತೆ ಬೇಡ ಎಂದರೆ ಮತ್ತೆ ಫೋನು ಬಂದೀತು. ಆದರೆ ಆಗ ತಾರಾ ಮಾತಾಡುವುದು ಯಾರೋ ಬೇರೆಯವನ ಜೊತೆ. ಜೋಳದ ರಾಶಿಯ ಕಾಲದಲ್ಲಿ ಹುಟ್ಟಿದ ವಾಸುದೇವನ ಜೊತೆ ಅಲ್ಲ. ಅವನು ತಲೆಯಾಡಿಸಿ ನಡೆದ.

ವಿಶ್ವಜಿತ್ ಅಷ್ಟಕ್ಕೆ ಬಿಡುವನೇ? ಎಸಿ ದೂರುಗಳಿಗೆಂದು ಕಚೇರಿಯವರು ಮಾಡಿಕೊಂಡಿದ್ದ ವಾಟ್ಸಾಪ್ ಗುಂಪಿನಲ್ಲಿ ‘ವಾಸುದೇವ ಸರ್ ಇ-ಪುಸ್ತಕಕ್ಕೆ ದುಡ್ಡು ಕಟ್ಟಬೇಕೇ?’ ಎಂದು ಮತ ಹಾಕಿಸಿದ. ಮೂರನೇ ಮಹಡಿಯವರು ಒಕ್ಕೊರಲಿಂದ ‘ಬೇಕು’ ಎಂದರು. ಮೂರನೆಯವರು ಬೇಕು ಎಂದದ್ದಕ್ಕೇ ಐದನೆಯವರು ‘ಬೇಡ’ ಎಂದರು. ಥಂಡಿ ಸೆಕೆಯ ಹಳೆಯ ವೈರ ಹೊಸ ಅಂಗಿ ತೊಟ್ಟು ಬಂತು. ಊಟದ ಹೊತ್ತಿಗೆ ಕ್ಯಾಂಟೀನಿನಲ್ಲಿ ಎರಡು ಪಕ್ಷಗಳು ಎರಡು ಕಡೆಯ ಮೇಜು ಹಿಡಿದಿದ್ದವು. ಮಧ್ಯದಲ್ಲಿ ವಾಸುದೇವ ತನ್ನ ಡಬ್ಬಿ ಬಿಚ್ಚಿಕೊಂಡು, ಮದುಮಗನಂತೆ, ಎಲ್ಲರೂ ತನ್ನ ಬಗ್ಗೆ ಮಾತಾಡುವುದನ್ನು ನೋಡುತ್ತ ಕೂತ. ತನ್ನ ಜೊತೆ ಯಾರೂ ಮಾತಾಡುತ್ತಿರಲಿಲ್ಲ.

“ವಾದ ಯಾಕ್ ಬೇಕ್ರಿ? ಲೆಕ್ಕ ತೆಗೆಯೋಣ” ಎಂದು ಎದ್ದವನು ಕಾಶಿನಾಥ. ಅಂಕಿ ಅಂಶ ಜರಡಿ ಹಿಡಿಯುವುದೇ ಅವನ ನೌಕರಿ. ವಾಸುದೇವನ ಮೊಬೈಲು ಇಸಿದುಕೊಂಡು, ಪುಟಸಂಚಿ ತೆರೆದು, ಇಷ್ಟು ತಿಂಗಳಲ್ಲಿ ಎಷ್ಟು ಓದಿದ್ದಾರೆ ಎಂದು ನೋಡಿದ. ಅವನ ಹುಬ್ಬು ಮೇಲೇರಿತು.

“ಸರ್, ಬರೇ ಒಂದ ಪುಸ್ತಕಾ? ಅದೂ ಪೂರಾ ಮುಗದಿಲ್ಲ! ಕಡೀ ಅಧ್ಯಾಯದ ಹತ್ರ ಬಂದು ಎರಡು ತಿಂಗಳಾತು, ಅಲ್ಲೇ ನಿಂತೀರಿ!”

ಕ್ಯಾಂಟೀನು ಗೊಳ್ಳೆಂದಿತು. ವಾಸುದೇವನ ಕಿವಿ ಕೆಂಪಾದವು. ಹೇಗೆ ಹೇಳುವುದು? ಪ್ರತಿ ಸಲ ತಾರಾ “ಕೊಲಿ ಯಾರು ಮಾಡ್ಯಾರ ತಿಳೀತೇನ್ರಿ?” ಎಂದು ಕೇಳುತ್ತಿದ್ದಳು. ತಿಳಿದುಬಿಟ್ಟರೆ ಮುಂದೆ ಕೇಳಲು ಏನು ಉಳಿಯುತ್ತದೆ ಎಂದು ಹೆದರಿ ಅವನು ಕೊನೆಯ ಅಧ್ಯಾಯದ ಹೊಸ್ತಿಲಲ್ಲೇ ಕೂತುಬಿಟ್ಟಿದ್ದ. ಕೊಲೆಗಾರನಿಗೆ ಇಷ್ಟು ದಿನ ರಕ್ಷಣೆ ಕೊಟ್ಟ ಓದುಗ ಇನ್ನೊಬ್ಬನಿರಲಿಕ್ಕಿಲ್ಲ.

“ಹಂಗಿದ್ರ ಇದು ದಂಡ. ತೀರ್ಮಾನ ಆತು” ಎಂದು ವಿಶ್ವಜಿತ್ ಮೊಬೈಲು ಕಸಿದುಕೊಂಡ. “ನಾನ ‘ಬ್ಯಾಡ’ ಒತ್ತಿಬಿಡ್ತೀನಿ, ನಿಮಗ ಕಿರಿಕಿರಿ ಬ್ಯಾಡ.” ಅವನ ಹೆಬ್ಬೆರಳು ಬೂದು ಗುಂಡಿಯತ್ತ ಹೊರಟಿತು.

ವಾಸುದೇವ ಕೈಲಿದ್ದ ತುತ್ತು ಬಿಟ್ಟ. ಈಗ ಒತ್ತಿದರೆ ತಾರಾಳ ಫೋನು ಈಗಲೇ ಬರುತ್ತದೆ, ಈ ಜಾತ್ರೆಯ ನಡುವೆ. ಕೊನೆಯ ಫೋನು!

“ಮುಟ್ಟಬ್ಯಾಡಾ!”

ಡಬ್ಬಿಯ ಮುಚ್ಚಳ ಉರುಳಿ ಎಲ್ಲೋ ಹೋಗಿ ಬಿತ್ತು. ಹತ್ತು ವರ್ಷದಲ್ಲಿ ವಾಸುದೇವ ದನಿಯೆತ್ತಿದ್ದನ್ನು ಯಾರೂ ಕೇಳಿರಲಿಲ್ಲ. ಅವನು ಮೊಬೈಲು ಕಿತ್ತುಕೊಂಡು, ಅಂಗಿಯ ಜೇಬಿಗೆ ಹಾಕಿಕೊಂಡು, ಅರ್ಧ ಊಟ ಬಿಟ್ಟು ಎದ್ದುಹೋದ.

“ಅಯ್ಯೋ ಪಾಪ” ಎಂದಳು ಎಚ್‌ಆರ್ ವಿಭಾಗದ ಶರ್ವರಿ ಮೇಡಂ, ಕಣ್ಣಂಚು ಒರೆಸಿಕೊಳ್ಳುತ್ತ. “ಪುಸ್ತಕದ ಮ್ಯಾಲ ಎಷ್ಟು ಜೀವ ನೋಡ್ರಿ ಅವರಿಗೆ! ದುಡ್ಡಿನ ತ್ರಾಸು ಇರಬೇಕು, ಹೇಳ್ಕೊಳ್ಳಾಕ ಆಗಂಗಿಲ್ಲ. ನಾವು ನಗಾಡಿದ್ವಿ.” ಎಲ್ಲರಿಗೂ ನಾಚಿಕೆಯಾಯಿತು. ಅಷ್ಟರಲ್ಲಿ ಶರ್ವರಿಗೆ ಇವತ್ತು ಜೂನ್ ಒಂದು ಎಂಬುದು ನೆನಪಾಯಿತು. ಮೂರನೇ ಮಹಡಿ, ಐದನೇ ಮಹಡಿ ಮೊದಲ ಸಲ ಒಂದೇ ಮೇಜಿಗೆ ಬಂದವು.

ಇತ್ತ ವಾಸುದೇವ ಮಧ್ಯಾಹ್ನವೆಲ್ಲ ಗಡಿಯಾರದ ಜೊತೆ ಜಗಳವಾಡಿದ. ಮೊಬೈಲಿಗೆ ಚಾರ್ಜು ಹಾಕಿದ, ತುಂಬಿದ ಮೇಲೂ ತೆಗೆಯಲಿಲ್ಲ. ಯಾರೂ ಬಾರದ ಜಾಗ ಹುಡುಕಿ, ತಾರಸಿಯ ಎಸಿ ಯಂತ್ರಗಳ ನಡುವೆ ಒಂದು ಮುರಿದ ಕುರ್ಚಿ ಹಾಕಿ ಬಂದ. ಬರ್ತೀರೇನ್ರಿ ಎನ್ನುವುದೋ, ಬರ್ತೀರಿಲ್ರಿ ಎನ್ನುವುದೋ? ಬರುವುದಿಲ್ಲ ಎಂದರೆ ಏನು ಹೇಳುವುದು? ‘ಹಂಗಾರ ಬಿಡ್ರಿ’ ಎನ್ನುವುದನ್ನೂ ಅಭ್ಯಾಸ ಮಾಡಿಕೊಂಡ, ನಗುನಗುತ್ತ ಹೇಳಿದ ಹಾಗೆ. ಅದು ಅವನಿಗೆ ಸುಲಭವಾಗಿ ಬಂತು.

ಆರಕ್ಕೆ ಇನ್ನು ಸ್ವಲ್ಪವೇ ಹೊತ್ತಿರುವಾಗ ಶರ್ವರಿಯ ಫೋನು. “ವಾಸುದೇವ ಸರ್, ಕ್ಯಾಂಟೀನಿನಾಗ ಎಸಿಯಿಂದ ನೀರು ಸುರಿಯಾಕತ್ತೈತ್ರಿ, ಕರೆಂಟಿನ ಬೋರ್ಡಿನ ಮ್ಯಾಲ! ಓಡಿ ಬರ್ರಿ!”

ಕರೆಂಟಿನ ಬೋರ್ಡು ಎಂದ ಮೇಲೆ ಹೋಗದೆ ಇರುವ ಮನುಷ್ಯ ಅವನಲ್ಲ. ಎರಡೆರಡು ಮೆಟ್ಟಿಲು ಹಾರಿ ಓಡಿದ. ಬಾಗಿಲು ತಳ್ಳಿದರೆ ನೀರೂ ಇಲ್ಲ, ಬೋರ್ಡೂ ಇಲ್ಲ. ಬಲೂನುಗಳು, ಜನ, ಚಪ್ಪಾಳೆ.

“ಹ್ಯಾಪಿ ಬರ್ತ್‌ಡೇ!”

ಆ ಕಂಪನಿಯಲ್ಲಿ ಜೂನ್ ಒಂದಕ್ಕೆ ಹುಟ್ಟಿದವರು ಆರೇಳು ಜ‌ನ, ಎಲ್ಲರೂ ಬೀದರ, ಕಲಬುರಗಿ, ಯಾದಗಿರಿ ಕಡೆಯವರು. “ನಿಮ್ಮ ಕಡೆ ಎಲ್ಲಾರೂ ಒಂದ ದಿವ್ಸ ಹ್ಯಾಂಗ ಹುಟ್ತೀರ್ರಿ?” ಎಂದು ಬೆಳಗಾವಿಯ ಶರ್ವರಿ ಪ್ರತಿ ವರ್ಷ ಕೇಳುತ್ತಿದ್ದಳು, ಉತ್ತರಕ್ಕೆ ಕಾಯದೆ ಕೇಕು ತರಿಸುತ್ತಿದ್ದಳು. ಈ ಸಲ ಕೇಕಿನ ಮೇಲೆ ಒಂದೇ ಹೆಸರಿತ್ತು. ವಾಸುದೇವ.

“ಮೇಡಂ, ನನಗೊಂದು ಫೋನ್ ಬರೋದೈತ್ರಿ, ಐದು ನಿಮಿಷ...”

“ನಿಯಮ ಮರತ್ರೇನ್ರಿ? ಕೇಕ್ ಕತ್ತರಸೋ ಮುಂದ ಎಲ್ಲಾರ ಫೋನೂ ಬುಟ್ಟಿಗೆ!” ಶರ್ವರಿ ಬುಟ್ಟಿ ಒಡ್ಡಿದಳು. ಯಾರದೋ ಕೈ ಅವನ ಜೇಬಿಗೆ ಇಳಿಯಿತು. ಮೊಬೈಲು ಬುಟ್ಟಿ ಸೇರಿತು, ಬುಟ್ಟಿ ವಿಶ್ವಜಿತನ ತೋಳು ಸೇರಿತು.

ಮೇಣದ ಬತ್ತಿ ಊದಿದ. ಹಾಡಿದರು. ಎಲ್ಲೋ ಬುಟ್ಟಿಯೊಳಗಿಂದ ಅವನ ಫೋನಿನ ಸದ್ದು ಬಂತು. ಆರು ಗಂಟೆ! ವಾಸುದೇವ ಆ ಕಡೆ ಹಾರಿದ. ಅದಕ್ಕೇ ಕಾಯುತ್ತಿದ್ದವರ ಹಾಗೆ ನಾಲ್ಕು ಜನ ಅವನನ್ನು ಅಪ್ಪಿ ಹಿಡಿದರು. ಹುಟ್ಟುಹಬ್ಬದವನು ಕೇಕು ಬಳಿಸಿಕೊಳ್ಳದೆ ಓಡಲು ನೋಡುವುದು ಹೊಸದೇನಲ್ಲವಲ್ಲ. ಐದನೇ ಮಹಡಿಯವರು ಬಲಗೆನ್ನೆಗೆ ಬಳಿದರು, ಮೂರನೇ ಮಹಡಿಯವರು ಎಡಗೆನ್ನೆಗೆ. ಕಣ್ಣು, ಮೂಗು, ಕಿವಿಯೆಲ್ಲ ಕೆನೆ. “ಬಿಡ್ರೋ, ಫೋನ್! ನನ್ನ ಫೋನ್!” ಎಂದು ಅವನು ಕೂಗಿದ್ದಕ್ಕೆ, ಬಾಯಿ ತೆರೆದದ್ದೇ ಸೈ ಎಂದು ಬಾಯಿಗೂ ತುಂಬಿದರು. ಫೋನಿನ ಸದ್ದು ದೂರ ದೂರ ಹೋಯಿತು. ಆಮೇಲೆ ನಿಂತಿತು.

ಕಣ್ಣು ಒರೆಸಿಕೊಂಡು ನೋಡಿದರೆ ಶರ್ವರಿ ಮುಂದೆ ನಿಂತು ಭಾಷಣ ಮಾಡುತ್ತಿದ್ದಳು. “ಸರ್ ನಮಗಾಗಿ ಎಷ್ಟು ಮಾಡ್ಯಾರ. ಅವರಿಗೇನು ಬೇಕು ಅಂತ ನಾವು ಒಂದಿನಾನೂ ಕೇಳಿಲ್ಲ. ಇವತ್ತ ನಮಗ ಗೊತ್ತಾತು. ಅದಕ್ಕ ಎರಡೂ ಮಹಡಿಯವರು ಕೂಡಿ ಸಣ್ಣ ಕಾಣಿಕಿ ತಂದೀವಿ.” ಕಟ್ಟು ಹಾಕಿಸಿದ ಒಂದು ಬಣ್ಣದ ಕಾಗದವನ್ನು ಅವನ ಕೈಗಿತ್ತಳು. ‘ಶ್ರೀ ವಾಸುದೇವ, ಪುಟಸಂಚಿಯ ಆಜೀವ ಸದಸ್ಯರು.’

“ಇನ್ನ ನೀವು ಬೇಕೋ ಬ್ಯಾಡೋ ಅಂತ ವಿಚಾರ ಮಾಡೋದ ಬ್ಯಾಡ್ರಿ ಸರ್. ಜೀವನಪೂರ್ತಿ!”

ವಾಸುದೇವನ ಕಣ್ಣಿಂದ ನೀರು ಇಳಿಯಿತು. ಕೆನೆಯ ಮೇಲೆ ಎರಡು ಗೆರೆ ಮೂಡಿದವು. ಎಲ್ಲರೂ ಚಪ್ಪಾಳೆ ತಟ್ಟಿದರು, ಶರ್ವರಿ ಇನ್ನಷ್ಟು ಅತ್ತಳು.

ಅಷ್ಟರಲ್ಲಿ ವಿಶ್ವಜಿತ್ ಹೊರಗಿನಿಂದ ಬಂದು ಮೊಬೈಲು ಕೊಟ್ಟ. ಮುಖದಲ್ಲಿ ದೊಡ್ಡ ಕೆಲಸ ಮುಗಿಸಿದ ಕಳೆಯಿತ್ತು. “ಸರ್, ಆ ಪುಟಸಂಚಿಯಾಕಿ ಫೋನ್ ಮಾಡಿದ್ಳು. ನೀವು ಚಿಂತಿ ಮಾಡಬ್ಯಾಡ್ರಿ, ನಾ ಮಾತಾಡಿ ಮುಗಿಸೀನಿ.”

“ಏನಂದ್ಳು?”

“‘ಈಗ ನೋಡಿದೆ, ಸರ್ ಆಜೀವ ಆಗ್ಯಾರ, ಭಾಳ ಖುಷಿ ಆತು’ ಅಂದ್ಳು. ಅಷ್ಟಕ್ಕ ಇಡಬೇಕಿಲ್ರಿ? ಇಲ್ಲ! ‘ಇವತ್ತ ಇಲ್ಲಿ ನನ್ನ ಕಡೀ ದಿವ್ಸ, ಸೋಮವಾರ ಪುಣೆಕ ಹೊಂಟೀನಿ. ಹೋಗೋದ್ರಾಗ ಒಮ್ಮೆ ಕೋಠಿ ಪುಸ್ತಕದಂಗಡಿ ನೋಡಬೇಕಂತೀನಿ. ಸರ್ ರವಿವಾರ ಬಂದು ತೋರಸ್ತಾರೇನು, ಕೇಳಿ ಹೇಳ್ತೀರೇನು’ ಅಂತ!”

ವಾಸುದೇವ ಹಿಡಿದಿದ್ದ ಕಟ್ಟನ್ನು ಮೇಜಿನ ಮೇಲಿಟ್ಟ. “ನೀ ಏನಂದಿ?”

“ಇವರ ಧಂದಾ ನನಗ ಗೊತ್ತಿಲ್ಲೇನ್ರಿ? ಮೊದಲ ಮೊಬೈಲಿನ ಪುಸ್ತಕ ಮಾರೋದು, ಅದು ಮುಗದಿಂದ ಅಂಗಡಿಗಿ ಕರಕೊಂಡ್ ಹೋಗಿ ಹಳೀವು ಮಾರೋದು. ‘ಅಕ್ಕಾರ, ಸರ್‌ಗೆ ಜನ್ಮಕ್ಕ ಸಾಕಾಗೋವಷ್ಟು ಪುಸ್ತಕ ನಾವು ಕೊಡಿಸೀವಿ. ಅವರು ಕೋಠಿಗೂ ಬರಂಗಿಲ್ಲ, ಎಲ್ಲಿಗೂ ಬರಂಗಿಲ್ಲ. ಇನ್ನ ಫೋನ್ ಮಾಡಬ್ಯಾಡ್ರಿ’ ಅಂತ ಖಡಕ್ ಹೇಳಿಬಿಟ್ಟೆ.”

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಪೂಜಾರಿ ದೇವರನ್ನೇ ಗದರಿಸಿ ಕಳಿಸಿಬಿಟ್ಟಿದ್ದ.

“ಆಮ್ಯಾಲ?” ವಾಸುದೇವನ ದನಿ ಅವನಿಗೇ ಕೇಳಿಸಲಿಲ್ಲ.

“‘ಹೋಗ್ಲಿ ಬಿಡ್ರಿ. ಆ ಸಾಹುಕಾರನ ಕೊಲಿ ಯಾರು ಮಾಡ್ಯಾರ ಅಂತ ಅಷ್ಟರ ಕೇಳಿ ಹೇಳ್ರಿ’ ಅಂದ್ಳು. ಕೊಲಿ ಅಂದ ಕೂಡ್ಲೆ ನನಗ ಹೆದರಿಕಿ ಬಂತ್ರಿ. ರಾಂಗ್ ನಂಬರ್ ಅಂತ ಇಟ್ಟುಬಿಟ್ಟೆ.”

ವಾಸುದೇವ ಬೈಯಲು ಬಾಯಿ ತೆರೆದ, ಆದರೆ ಆ ಹುಡುಗನ ಮುಖದಲ್ಲಿ ಅಷ್ಟೊಂದು ಪ್ರೀತಿಯಿತ್ತು. “ಛಲೋ ಆತಪಾ” ಎಂದು ತಾರಸಿಗೆ ಹತ್ತಿದ.

ಎಸಿ ಯಂತ್ರಗಳು ಗುರುಗುಟ್ಟುತ್ತಿದ್ದವು. ಮುರಿದ ಕುರ್ಚಿಯಲ್ಲಿ ಕೂತು, ಬಂದಿದ್ದ ನಂಬರಿಗೆ ತಿರುಗಿ ಫೋನು ಮಾಡಿದ. ಕಂಪನಿಯ ನಂಬರು. ಒಂದು ಯಂತ್ರದ ದನಿ ಗ್ರಂಥಸ್ಥ ಕನ್ನಡದಲ್ಲಿ ಮಾತಾಡಿತು. “ಪುಟಸಂಚಿಗೆ ಸ್ವಾಗತ. ನೀವು ನಮ್ಮ ಸೇವೆಯನ್ನು ಬಿಡಲು ಬಯಸಿದ್ದಲ್ಲಿ ದಯವಿಟ್ಟು ‘ನನಗೆ ಬೇಡ’ ಗುಂಡಿಯನ್ನು ಒತ್ತಿರಿ. ನಮ್ಮ ಪ್ರತಿನಿಧಿ ತಕ್ಷಣ ಕರೆ ಮಾಡುತ್ತಾರೆ.”

ಹೌದಲ್ಲ! ಅವಳು ಇನ್ನೂ ಎದ್ದು ಹೋಗಿರಲಿಕ್ಕಿಲ್ಲ. ಕೆನೆ ಮೆತ್ತಿದ ಬೆರಳಿನಿಂದ ಆತುರಾತುರವಾಗಿ ಪುಟಸಂಚಿ ತೆರೆದ. ಹಸಿರು ಗುಂಡಿ ಇರಲಿಲ್ಲ. ಮೂಲೆಯಲ್ಲಿ ಬೂದು ಗುಂಡಿಯೂ ಇರಲಿಲ್ಲ. ಮೇಲೆ ಕೆಳಗೆ ಸರಿಸಿ ನೋಡಿದ, ಮುಚ್ಚಿ ತೆರೆದು ನೋಡಿದ. ಗುಂಡಿಯಿದ್ದ ಜಾಗದಲ್ಲಿ ಒಂದು ಗುಲಾಬಿ ಹೂವು, ಅದರ ಕೆಳಗೆ, ‘ಜೀವನಪೂರ್ತಿ ನಮ್ಮೊಂದಿಗೆ’.

ಸಾಹುಕಾರನ ಕೊನೆಯ ಅಧ್ಯಾಯ ಹಾಗೆಯೇ ಕಾಯುತ್ತಿತ್ತು. ಅದನ್ನು ಓದಲು ಅವನಿಗೆ ಇನ್ನು ಇಡೀ ಜೀವಮಾನವಿತ್ತು. ಓದಿ ಹೇಳಲು ಯಾರೂ ಇರಲಿಲ್ಲ. ಸುತ್ತಲೂ ಕೊಂಡಾಪುರದ ಗಾಜಿನ ಕಟ್ಟಡಗಳಲ್ಲಿ ದೀಪ ಹತ್ತುತ್ತಿದ್ದವು. ಅವುಗಳಲ್ಲಿ ಯಾವುದೋ ಒಂದರಿಂದ ಅವಳು ಈಗ ಚೀಲ ಹೆಗಲಿಗೇರಿಸಿ ಇಳಿಯುತ್ತಿರಬಹುದು ಎಂದುಕೊಂಡ.

ಕೈಯಲ್ಲಿದ್ದ ಫೋನು ಒಮ್ಮೆಗೇ ಹೊಡೆದುಕೊಂಡಿತು. ನಂಬರು ನೋಡುವಷ್ಟೂ ತಾಳ್ಮೆಯಿಲ್ಲದೆ ಕಿವಿಗೆ ಒತ್ತಿಕೊಂಡ. “ಹಲೋ! ಹೇಳ್ರಿ!”

“ಸರ್, ಮೂರನೇ ಮಹಡಿಯಿಂದ ರೀ. ಭಾಳ ಥಂಡಿ ಐತ್ರಿ.”

“ಹೌದ್ರಿ” ಎಂದ ವಾಸುದೇವ. “ನನಗೂ ಭಾಳ ಥಂಡಿ ಐತ್ರಿ.”

ಅವನು ಅಷ್ಟು ಹೇಳುವ ಮೊದಲೇ ಆ ಕಡೆಯವರು ಫೋನು ಇಟ್ಟಿದ್ದರು.